ಮೊಳೆಗಳನ್ನು ಮನೆಗೆ ಕಳಿಸಿದವನು

ಅರಸೀಕೆರೆ, ಬೇಲೂರು, ಹಳೇಬೀಡಿನ ಸುತ್ತ ಯಾವ ಹೊಲದ ಬದುವಿಗೆ ಹೋದರೂ ಒಂದು ವೀರಗಲ್ಲು ಕಾಲಿಗೆ ತಗಲುತ್ತದೆ. ಹುಲಿಯ ಬಾಯಿಗೆ ಕೈ ಕೊಟ್ಟವನಿಗೆ ಕಲ್ಲು, ಹೆಣ್ಣಿನ ಮಾನ ಕಾಯಲು ಹೋದವನಿಗೆ ಕಲ್ಲು, ಪಕ್ಕದೂರಿನವರು ಹೊಡೆದುಕೊಂಡು ಹೋದ ಎಮ್ಮೆಯನ್ನು ಬಿಡಿಸಿ ತರಲು ಹೋಗಿ, ಎಮ್ಮೆ ಬಂದು ತಾನು ಬಾರದವನಿಗೂ ಕಲ್ಲು. ಐವತ್ತೊಂದನೆಯ ವಯಸ್ಸಿನಲ್ಲಿ ಕೀಬೋರ್ಡಿನ ಎದುರು ಏಕಾಂಗಿಯಾಗಿ ಕಾದಿದವನಿಗೆ ಮಾತ್ರ ಇದುವರೆಗೆ ಯಾರೂ ಕಲ್ಲು ನಿಲ್ಲಿಸಿಲ್ಲ. ಕಾಗದದ ಮೇಲಾದರೂ ನಿಲ್ಲಿಸೋಣ. ವೀರನ ಹೆಸರು ಹುಚ್ಚಣ್ಣ. ರಣರಂಗ ಅರಸೀಕೆರೆ ಬಿ.ಎಚ್. ರಸ್ತೆಯ ನಂದಾದೀಪ ಪ್ರೆಸ್ಸು. ಇಸವಿ ಸಾವಿರದ ಒಂಬೈನೂರ ತೊಂಬತ್ತೇಳು.

ಕಂಪ್ಯೂಟರಿನ ಮುಂದೆ ಕೂರುವ ಮೊದಲು ಹುಚ್ಚಣ್ಣ ಇಪ್ಪತ್ತಾರು ವರ್ಷ ಅದೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದ್ದ. ಅಚ್ಚಿನ ಮೊಳೆಯೆಂದರೆ ತಲೆಯ ಮೇಲೆ ಒಂದು ಅಕ್ಷರವನ್ನು ತಿರುಗಾಮುರುಗಾ ಹೊತ್ತ ಸೀಸದ ಕಡ್ಡಿ. ಮರದ ಕೇಸುಗಳಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಚಿಕ್ಕ ಮನೆ. ಒತ್ತು, ದೀರ್ಘ, ಗುಣಿತ ಎಲ್ಲ ಸೇರಿ ಕನ್ನಡಕ್ಕೆ ಮುನ್ನೂರು ಮೀರಿದ ಮನೆಗಳು. ಕಣ್ಣು ಹಸ್ತಪ್ರತಿಯ ಮೇಲೆ, ಎಡಗೈಯಲ್ಲಿ ಮೊಳೆ ಕೂರಿಸುವ ಸ್ಟಿಕ್ಕು. ಬಲಗೈ ಮಾತ್ರ ಕೋಳಿ ಕಾಳು ಹೆಕ್ಕಿದ ಹಾಗೆ ತನ್ನ ಪಾಡಿಗೆ ಮನೆಮನೆಗೆ ಹೋಗಿ ಬರುತ್ತಿತ್ತು. ‘ಳ ಎಲ್ಲೈತೆ?’ ಎಂದು ಕೇಳಿದರೆ ಹುಚ್ಚಣ್ಣನಿಗೆ ಗೊತ್ತಿರಲಿಲ್ಲ. ಅವನ ಕೈಗೆ ಗೊತ್ತಿತ್ತು.

ಮೊಳೆಗಳಿಗೊಂದು ಮಿತಿ ಇತ್ತು. ವೈಶಾಖ ಬಂತೆಂದರೆ ಪ್ರೆಸ್ಸಿಗೆ ಲಗ್ನಪತ್ರಿಕೆಗಳ ದಂಡೇ ಬರುತ್ತಿತ್ತು. ಪ್ರತಿ ವಧುವಿನ ಹೆಸರಿನ ಹಿಂದೆ ‘ಚಿ. ಸೌ.’ ಇರಲೇಬೇಕು. ಆದರೆ ಇಡೀ ಪ್ರೆಸ್ಸಿನಲ್ಲಿದ್ದ ‘ಸೌ’ಗಳು ಹದಿನಾಲ್ಕೇ. ಹದಿನೈದನೆಯ ವಧು ಬಂದರೆ, ಮೊದಲನೆಯವಳ ಪತ್ರಿಕೆ ಅಚ್ಚಾಗಿ, ಜೋಡಿಸಿದ್ದನ್ನು ಬಿಚ್ಚಿ, ಅವಳ ‘ಸೌ’ ತವರಿಗೆ ಮರಳುವವರೆಗೆ ಇವಳ ಸೌಭಾಗ್ಯ ತಡೆಯಲೇಬೇಕು. ಆದ್ದರಿಂದ ಮೊಳೆಯವನಿಗೆ ಜೋಡಿಸುವುದಕ್ಕಿಂತ ಬಿಚ್ಚುವುದೇ ದೊಡ್ಡ ಧರ್ಮ. ಸಂಜೆ ಬಿಚ್ಚದೆ ಮನೆಗೆ ಹೋದವನಿಗೆ ಮಾರನೆಯ ಬೆಳಗ್ಗೆ ಬೈಗುಳವೇ ತಿಂಡಿ. ಹುಚ್ಚಣ್ಣ ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಆ ತಿಂಡಿ ತಿಂದವನಲ್ಲ.

ಅಷ್ಟು ವರ್ಷದ ಸೀಸ ಅವನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯನ್ನು ಮರಗಟ್ಟಿಸಿತ್ತು. ಕುದಿಯುವ ಕಾಫಿಯ ಲೋಟ ಹಿಡಿದರೂ ಅವಕ್ಕೆ ಸುದ್ದಿ ಮುಟ್ಟುತ್ತಿರಲಿಲ್ಲ. ಪ್ರೆಸ್ಸಿಗೆ ಕಂಪ್ಯೂಟರ್ ಬಂದ ವಾರ ಆ ಮರಗಟ್ಟುವಿಕೆ ಬೆರಳಿನಿಂದ ಒಳಕ್ಕೂ ಇಳಿಯಿತು. ಯಜಮಾನ ಜಯದೇವಪ್ಪ ಮೊಳೆಗಳನ್ನೆಲ್ಲ ಸೀಸದ ತೂಕಕ್ಕೆ ಗುಜರಿಗೆ ಹಾಕಿದರು. ಗೋಣಿಚೀಲಕ್ಕೆ ತುಂಬಿದವನು ಹುಚ್ಚಣ್ಣನೇ. ಕ, ಖ, ಗ, ಘ ಎಲ್ಲ ಒಂದೇ ಚೀಲಕ್ಕೆ, ಮನೆಯಿಲ್ಲ ಮಠವಿಲ್ಲ. ಲಾರಿ ತಿಪಟೂರಿನ ಕಡೆ ತಿರುಗಿದ ಮೇಲೆ ಅವನೊಂದು ಬೀಡಿ ಹಚ್ಚಿದ. ಅಷ್ಟೇ.

‘ಒಂದ್ ಕಿತ ಅತ್ತಾದ್ರೂ ಬುಡಿ ಅತ್ಲಾಗೆ,’ ಎಂದಳು ಹೆಂಡತಿ ಲಕ್ಕಮ್ಮ, ರಾತ್ರಿ ಮುದ್ದೆ ಬಡಿಸುತ್ತ. ‘ನಮ್ಮಪ್ಪ ಸತ್ತಾಗ್ಲೂ ಹಿಂಗೇ ಕಲ್ಲಿನಂಗೆ ಕುಂತಿದ್ರಿ. ಆದ್ರೆ ಆಗ ಸಾರು ಚೆನ್ನಾಗೈತೆ ಅಂತನಾದ್ರೂ ಅಂದಿದ್ರಿ.’

‘ಏನೂ ಅನ್ನಿಸ್ತಿಲ್ಲ ಕಣೇ.’

‘ಸಾರು?’

‘ಸಾರೂ ಅಷ್ಟೇಯ.’

ಲಕ್ಕಮ್ಮ ಅಂದಿನಿಂದ ದಿನಾ ಸಾರಿನ ಬಗ್ಗೆ ಕೇಳುವುದನ್ನು ವ್ರತದಂತೆ ಹಿಡಿದಳು. ಉತ್ತರವೂ ವ್ರತದಂತೆ ಒಂದೇ ಇತ್ತು.

ಜಯದೇವಪ್ಪ ಕೆಟ್ಟ ಮನುಷ್ಯರಲ್ಲ. ಆದರೆ ಕಂಪ್ಯೂಟರಿಗೆ ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಆ ಕಾಯಿಯ ನೀರು ಒಣಗುವ ಮೊದಲೇ ತಮ್ಮ ಶಾಸನ ಹೊರಡಿಸಿದರು: ‘ನೋಡು ಹುಚ್ಚಣ್ಣ, ದೀಪಾವಳಿವರೆಗೆ ಟೈಮು. ಈ ಪೆಟ್ಟಿಗೇಲಿ ನೀನೊಬ್ನೇ ಕೆಲಸ ತೆಗೆಯೋ ಹಂಗಾದ್ರೆ ಈ ಸ್ಟೂಲು ನಿಂದೇ. ಇಲ್ದಿದ್ರೆ ಹಾಸನದಿಂದ ಆಪರೇಟರ್ ಕರೆಸ್ತೀನಿ. ಆಮೇಲೆ ನನ್ನ ಬೈಕೋಬೇಡ.’

‘ಆಗ್ಲಿ ಯಜಮಾನ್ರೇ,’ ಎಂದ ಹುಚ್ಚಣ್ಣ. ಐವತ್ತೊಂದಕ್ಕೆ ಕೆಲಸ ಬಿಟ್ಟರೆ ಮತ್ತೊಂದು ಸ್ಟೂಲು ಅರಸೀಕೆರೆಯಲ್ಲಿ ಸಿಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಗೊತ್ತಿತ್ತು, ಆದರೆ ತಟ್ಟಲಿಲ್ಲ. ಪಕ್ಕದ ಮನೆಯ ಸಂಕಟದಂತೆ ಅದನ್ನು ಕಿಟಕಿಯಿಂದ ನೋಡಿದ.

ಕಲಿಸಲು ಬಂದವಳು ಲತಾಮಣಿ. ಇಪ್ಪತ್ತನಾಲ್ಕರ ಹುಡುಗಿ, ದಿನಾ ಬಾಣಾವರದಿಂದ ರೈಲಿನಲ್ಲಿ ಬಂದು ಸಂಜೆಯ ರೈಲಿಗೆ ಹೋಗುತ್ತಿದ್ದಳು. ಮೊದಲ ದಿನ ಮೌಸ್ ಕೈಗೆ ಕೊಟ್ಟಳು. ಗಣಪತಿಯಂಥವನು ಮೇಲೆ ಕೂತರಷ್ಟೇ ಮಾತು ಕೇಳುವ ಪ್ರಾಣಿ ಅದು. ಹುಚ್ಚಣ್ಣನ ಮರಗಟ್ಟಿದ ತೋರುಬೆರಳಿಗೆ ತಾನು ಒತ್ತಿದೆನೋ ಇಲ್ಲವೋ ತಿಳಿಯದು. ಒಂದು ಸಲ ಒತ್ತು ಎಂದರೆ ನಾಲ್ಕು ಸಲ ಒತ್ತುತ್ತಿತ್ತು, ಎರಡು ಸಲ ಎಂದರೆ ಸುಮ್ಮನಿರುತ್ತಿತ್ತು. ಮೂರು ದಿನ ಘೋರ ಯುದ್ಧ ನಡೆಯಿತು. ನಾಲ್ಕನೆಯ ದಿನ ಲತಾಮಣಿ ಮೌಸನ್ನು ಪಕ್ಕಕ್ಕೆ ಸರಿಸಿದಳು.

‘ಬಿಡಿ ಅಣ್ಣ, ಇದು ನಿಮಗೆ ಒಗ್ಗಲ್ಲ. ಶಾರ್ಟ್‌ಕಟ್ ಹೇಳ್ಕೊಡ್ತೀನಿ. ಎಲ್ಲಾ ಕೀಲೇ ಮಾಡ್ಬಹುದು.’

ಆದರೆ ಹೇಳಿಕೊಡುವುದೆಂದರೆ ಬಾಯಿ ಬೇಕಲ್ಲ. ಲತಾಮಣಿಯ ಬೆರಳುಗಳು ತರತರನೆ ಓಡಿ ಒಂದು ಇಡೀ ಸಾಲನ್ನು ಎತ್ತಿ ಬೇರೆಡೆ ಇಟ್ಟವು. ‘ಯಾವ ಕೀ ಒತ್ತಿದ್ರಮ್ಮಾ?’ ಎಂದು ಹುಚ್ಚಣ್ಣ ಕೇಳಿದ. ಅವಳು ಬಾಯಿ ತೆರೆದು, ಮುಚ್ಚಿ, ನಕ್ಕಳು. ‘ಗೊತ್ತಿಲ್ಲ ಕಣಣ್ಣ. ತಾಳಿ, ಇನ್ನೊಂದ್ಸಲ ಮಾಡ್ತೀನಿ. ನೀವೂ ನನ್ ಬೆರಳು ನೋಡಿ, ನಾನೂ ನೋಡ್ತೀನಿ.’

ಆ ಕ್ಷಣದಲ್ಲಿ ಹುಚ್ಚಣ್ಣನಿಗೆ ಈ ಹುಡುಗಿ ತನ್ನ ಕುಲದವಳೇ ಎನ್ನಿಸಿತು. ಇವಳಿಗೂ ‘ಳ’ ಎಲ್ಲಿದೆ ಎಂದು ಗೊತ್ತಿಲ್ಲ.

ಅವಳ ಬೆರಳು ನೋಡಿ ನೋಡಿ ಅವನು ತನ್ನದೇ ದಾರಿ ಕಂಡುಕೊಂಡ. ಕೀಬೋರ್ಡನ್ನು ಅವನು ತನ್ನೂರು ಜಾವಗಲ್ಲಿನ ಎರಡು ಬೀದಿ ಮಾಡಿಕೊಂಡ. ಎಡಮೂಲೆಯ ಕಂಟ್ರೋಲ್ ಕೀ ಊರ ಯಜಮಾನ. ಅವನೊಬ್ಬನನ್ನೇ ಎಷ್ಟು ಒತ್ತಿದರೂ ಏನೂ ನಡೆಯದು. ಅವನ ಹೆಸರು ಹೇಳಿಕೊಂಡು ಇನ್ನೊಬ್ಬರ ಬಾಗಿಲು ತಟ್ಟಿದರೆ ಕೆಲಸ ಕ್ಷಣದಲ್ಲಿ ಆಗುತ್ತದೆ. ಕೆಳಬೀದಿಯಲ್ಲಿ ಸಾಲಾಗಿ ನಾಲ್ಕು ಮನೆ. ಮೊದಲನೆಯದು, ಝಡ್ ಇರುವ ಜಾಗ, ದ್ಯಾವಮ್ಮನದು. ಊರಲ್ಲಿ ಯಾರು ಜಗಳ ಆಡಿ ಏನು ಅಂದಿದ್ದರೂ ಅಂದದ್ದನ್ನು ವಾಪಸು ತೆಗೆಸುತ್ತಿದ್ದ ಮುದುಕಿ. ತಪ್ಪು ಮಾಡಿದವರು ಅವಳ ಬಾಗಿಲಿಗೆ ಹೋಗಬೇಕು. ಎರಡನೆಯದು ದರ್ಜಿಯ ಮನೆ, ಅಲ್ಲಿ ಕತ್ತರಿಸುತ್ತಾರೆ. ಮೂರನೆಯದು ನಂಜುಂಡಯ್ಯ ಮೇಷ್ಟ್ರದು, ಅಲ್ಲಿ ಎಲ್ಲವನ್ನೂ ನಕಲು ಬರೆಸುತ್ತಾರೆ. ನಾಲ್ಕನೆಯದು ಮರಿಯಣ್ಣನ ಸೈಕಲ್ ಶಾಪು, ಅಲ್ಲಿ ಟ್ಯೂಬಿಗೆ ತೇಪೆ ಅಂಟಿಸುತ್ತಾರೆ. ಮೇಲುಬೀದಿಯ ಮೊದಲ ಮನೆ ಊರಿಗೆಲ್ಲ ಸಾರಿ ಎಲ್ಲರನ್ನೂ ಎಬ್ಬಿಸುವ ತಳವಾರನದು. ಯಜಮಾನನ ಹೆಸರು ಹೇಳಿ ಅವನನ್ನು ಕರೆದರೆ ಪುಟದ ಅಕ್ಷರಗಳೆಲ್ಲ ಕರೀ ಕಂಬಳಿ ಹೊದ್ದು ಎದ್ದು ನಿಲ್ಲುತ್ತವೆ. ಅವನ ಪಕ್ಕದಲ್ಲಿ ಹಗೇವು, ರಾಗಿ ತುಂಬಿ ಮುಚ್ಚಿಡುವ ನೆಲದ ಗುಂಡಿ. ಮಾಡಿದ್ದನ್ನು ಉಳಿಸುವ ಜಾಗ. ಅಳಿಸುವ ಕೀ ಬಲಗಡೆ, ಊರಾಚೆ.

ಒಂದು ವಾರದಲ್ಲಿ ಹುಚ್ಚಣ್ಣ ಆ ಬೀದಿಗಳಲ್ಲಿ ಕಣ್ಣು ಮುಚ್ಚಿ ಓಡಾಡಿದ. ಲತಾಮಣಿಗೆ ಬಾಯಲ್ಲಿ ಬಾರದ್ದು ಅವನ ಬಾಯಲ್ಲಿ ಊರ ಸುದ್ದಿಯಾಗಿ ಬರುತ್ತಿತ್ತು. ‘ಮೇಷ್ಟ್ರ ಹತ್ರ ಹೋಗಿ ಮರಿಯಣ್ಣನ ತಾವ ಬಂದೆ,’ ಎನ್ನುವನು. ಅವಳು ಬಿದ್ದು ಬಿದ್ದು ನಗುವಳು. ಅವನು ನಗುತ್ತಿರಲಿಲ್ಲ.

ಈಗ ನಮ್ಮ ವೀರನ ಮಹಾಪ್ರಮಾದಕ್ಕೆ ಬರೋಣ. ಆ ಪ್ರಮಾದ ಮೊಳೆ ಜೋಡಿಸಿದವನ ಹೊರತು ಭೂಮಂಡಲದಲ್ಲಿ ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ಸಂಜೆ ಲತಾಮಣಿ ರೈಲಿಗೆಂದು ಓಡಿದ ಮೇಲೆ ಹುಚ್ಚಣ್ಣ ಒಬ್ಬನೇ ಉಳಿಯುತ್ತಿದ್ದ. ಕೆಲಸ ಮುಗಿದಿದೆ, ಪುಟಗಳನ್ನು ಬೆಳಕು ಹಾಯುವ ಟ್ರೇಸಿಂಗ್ ಹಾಳೆಯ ಮೇಲೆ ತೆಗೆದಾಗಿದೆ, ಅದು ಹಾಸನಕ್ಕೆ ಹೋಗಿ ಅಚ್ಚಿನ ಪ್ಲೇಟಾಗಿ ಬರುತ್ತದೆ. ಪೆಟ್ಟಿಗೆಯೊಳಗೆ ಅಕ್ಷರಗಳು ಜೋಡಿಸಿದಂತೆಯೇ ನಿಂತಿವೆ. ಬಿಚ್ಚದೆ ಹೋಗುವುದು ಹೇಗೆ? ಒಳಗೆ ‘ಸೌ’ ಎಷ್ಟಿವೆಯೋ ಯಾರು ಎಣಿಸಿದ್ದಾರೆ? ಬೆಳಗ್ಗೆ ಬರುವ ವಧುವಿಗೆ ಸಾಲದೆ ಹೋದರೆ?

ಆದ್ದರಿಂದ ತಳವಾರನನ್ನು ಕರೆದು ಸಾರಿಸುತ್ತಿದ್ದ. ಎಲ್ಲ ಅಕ್ಷರಗಳೂ ಎದ್ದು ನಿಲ್ಲುತ್ತಿದ್ದವು. ಊರಾಚೆಯ ಕೀ ಒತ್ತುತ್ತಿದ್ದ. ಎಲ್ಲವೂ ತಂತಮ್ಮ ಮನೆಗೆ ಹೋಗುತ್ತಿದ್ದವು. ಬಿಳೀ ಪುಟ. ಮೇಲೆ ಹಗೇವು ಮುಚ್ಚುತ್ತಿದ್ದ, ಒಂದಲ್ಲ, ಮೂರು ಸಲ. ಹಿಂದೆ ಮೊಳೆಗಳನ್ನು ಚೌಕಟ್ಟಿನಲ್ಲಿ ಬಿಗಿಯುವಾಗ ಕೊಡತಿಯಿಂದ ಮೂರು ಸಲ ತಟ್ಟುತ್ತಿದ್ದ ಕೈ ಅದು. ಆಮೇಲೆ ಸ್ವಿಚ್ಚು ಆರಿಸಿ, ಬೀಡಿ ಹಚ್ಚಿ, ಧರ್ಮ ಪೂರೈಸಿದವನ ನಡಿಗೆಯಲ್ಲಿ ಮನೆಗೆ.

ಯಾರಿಗೂ ಗೊತ್ತಾಗಲಿಲ್ಲ. ಲಗ್ನಪತ್ರಿಕೆ ಒಮ್ಮೆ ಅಚ್ಚಾದರೆ ಮುಗಿಯಿತು. ಅದೇ ಹುಡುಗಿಯ ಲಗ್ನ ಎರಡನೆಯ ಸಲ ಮಾಡುವವರಿಲ್ಲ. ಆಷಾಢದಲ್ಲಿ ಲತಾಮಣಿಗೆ ಬೇಲೂರಿನ ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಹೋಗುವಾಗ ‘ಏನಾದ್ರೂ ಆದ್ರೆ ಫೋನ್ ಮಾಡಿ ಅಣ್ಣ,’ ಎಂದು ನಂಬರು ಬರೆದುಕೊಟ್ಟಳು.

ಶ್ರಾವಣದಲ್ಲಿ ದೊಡ್ಡ ಕೆಲಸ ಬಂತು. ಹಳೇಬೀಡಿನ ಕಡೆಯ ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, ಎಂಬತ್ತು ಪುಟ. ತಂದವರು ನಿವೃತ್ತ ಮೇಷ್ಟ್ರು ಅನಂತಸ್ವಾಮಿ, ಸಮಿತಿಯ ಕಾರ್ಯದರ್ಶಿ. ಬಿಡುಗಡೆ ರಾಜ್ಯೋತ್ಸವದ ದಿನ. ಹುಚ್ಚಣ್ಣ ಒಬ್ಬನೇ ಎರಡು ತಿಂಗಳು ಕೂತು ಲೇಖನಕ್ಕೊಂದು ಫೈಲಿನಂತೆ ಇಪ್ಪತ್ತೆರಡು ಫೈಲು ಮಾಡಿದ. ಒಂದೊಂದನ್ನೂ ತಿದ್ದಿಸಿ, ಟ್ರೇಸಿಂಗ್ ತೆಗೆದು, ಸಂಜೆಗೆ ಬಿಚ್ಚಿದ. ಜಯದೇವಪ್ಪ ಪರದೆಯ ಮೇಲೆ ಸಾಲಾಗಿ ನಿಂತ ಇಪ್ಪತ್ತೆರಡು ಫೈಲುಗಳ ಹೆಸರು ಓದಿ, ‘ಪರ್ವಾಗಿಲ್ಲ ಕಣೋ, ಸ್ಟೂಲು ಉಳಿಸ್ಕೊಂಡೆ,’ ಎಂದು ಬೆನ್ನು ತಟ್ಟಿದರು.

ದೀಪಾವಳಿಗೆ ಮೂರು ದಿನವಿರುವಾಗ, ಸೋಮವಾರ ಬೆಳಗ್ಗೆ ಹತ್ತಕ್ಕೆ, ಅನಂತಸ್ವಾಮಿ ಮೇಷ್ಟ್ರು ಬೆವರುತ್ತ ಪ್ರೆಸ್ಸಿಗೆ ನುಗ್ಗಿದರು.

‘ಜಯದೇವಪ್ಪನೋರೆ, ಅನರ್ಥ ಆಗಿಹೋಯ್ತು. ನಮ್ಮ ರಘುರಾಮ್ ಹೆಡ್‌ಮಾಸ್ಟ್ರು ಬದುಕಿದಾರೆ.’

‘ಒಳ್ಳೇದಲ್ವೇ ಸ್ವಾಮಿ?’

‘ಏನ್ ಒಳ್ಳೇದ್ರೀ! ಸಂಚಿಕೆ ತುಂಬಾ ಅವರ ಹೆಸರಿನ ಹಿಂದೆ ದಿವಂಗತ ಅಂತ ಹಾಕ್ಸಿದೀನಿ. ಹತ್ತು ವರ್ಷದಿಂದ ಕಾಣ್ಲಿಲ್ಲ, ಹೋಗಿಬಿಟ್ರು ಅಂತಲೇ ಎಲ್ರೂ ಅಂದ್ಕೊಂಡಿದ್ವಿ. ನೆನ್ನೆ ಬೇಲೂರು ಬಸ್‌ಸ್ಟ್ಯಾಂಡಲ್ಲಿ ಬಾಳೆಹಣ್ಣು ತಿಂತಾ ನಿಂತಿದಾರೆ! ಹಗರೆ ಬಸ್ಸು ಎಷ್ಟೊತ್ತಿಗೆ ಅಂತ ನನ್ನನ್ನೇ ಕೇಳಿದ್ರು. ಫಂಕ್ಷನ್‌ಗೆ ಬರ್ತಾರಂತೆ ಬೇರೆ.’

ಜಯದೇವಪ್ಪ ಗಹಗಹಿಸಿದರು. ‘ಹಿಂದಿನ ಕಾಲದ ಮೊಳೆ ಆಗಿದ್ರೆ ನಿಮ್ಮ ಕತೆ ಮುಗೀತಿತ್ತು. ಇದು ಕಂಪ್ಯೂಟರ್ ಸ್ವಾಮಿ. ದಿವಂಗತ ತೆಗೆದು ನಿವೃತ್ತ ಹಾಕು ಅಂದ್ರೆ ಎರಡು ನಿಮಿಷ. ತೆಗಿ ಹುಚ್ಚಣ್ಣ ಫೈಲು.’

ಹುಚ್ಚಣ್ಣ ಮೊದಲ ಫೈಲು ತೆಗೆದ. ಬಿಳೀ ಪುಟ. ಎರಡನೆಯದು ತೆಗೆದ. ಬಿಳೀ ಪುಟ. ಇಪ್ಪತ್ತೆರಡೂ ಹಸಿ ಸುಣ್ಣ ಬಳಿದ ಗೋಡೆಯಂತೆ ಶುಭ್ರವಾಗಿದ್ದವು.

‘ಎಲ್ಲಿ ಹೋಯ್ತಲಾ ಇದ್ರೊಳಗಿದ್ದಿದ್ದು?’

‘ಬಿಚ್ಚಿ ಮನೆಗೆ ಹಾಕಿದೀನಿ ಯಜಮಾನ್ರೇ.’

‘ಯಾವ ಮನೆಗೆ?’

‘ಅವವುಕ್ಕೆ ಇರೋ ಮನೆಗೆ. ಕೆಲ್ಸ ಮುಗಿದ್ ಮ್ಯಾಲೆ ಬಿಚ್ಚಬೇಕಲ್ಲ?’

ಜಯದೇವಪ್ಪನವರ ಮುಖ ಕೆಂಪಾಗಿ, ಆಮೇಲೆ ಬಿಳಿಯಾಗಿ, ಕೊನೆಗೆ ಆ ಫೈಲುಗಳ ಹಾಗೆಯೇ ಖಾಲಿಯಾಯಿತು. ಮೇಷ್ಟ್ರು ಬೆಂಚಿನ ಮೇಲೆ ಕುಸಿದರು. ಹುಚ್ಚಣ್ಣನಿಗೆ ಬಿಸಿಯೂ ಆಗಲಿಲ್ಲ, ತಂಪೂ ಆಗಲಿಲ್ಲ. ಸ್ಟೂಲು ಹೋಯಿತು ಎಂದುಕೊಂಡ. ಆ ಮಾತು ರೇಡಿಯೋದಲ್ಲಿ ಬಂದ ಬೇರೆ ಜಿಲ್ಲೆಯ ಹವಾಮಾನದಂತೆ ಕೇಳಿಸಿತು.

ಆದರೂ ನಂಬರು ನೆನಪಾಗಿ ಬೇಲೂರಿಗೆ ಫೋನು ಹಚ್ಚಿದ. ಲತಾಮಣಿ ವಿಷಯ ಕೇಳಿ ಅತ್ತ ಕಡೆ ಉಸಿರು ಹಿಡಿದಳು.

‘ಅಣ್ಣಾ, ಒಂದು ಆಸೆ ಇದೆ. ಪ್ರತಿ ಸಲ ಸೇವ್ ಮಾಡ್ದಾಗ ಅದಕ್ಕೆ ಹಿಂದಿನ ಪ್ರತೀನ ಬೇರೆ ಕಡೆ ಎತ್ತಿಡೋ ಹಂಗೆ ನಾನು ಮಾಡಿಟ್ಟಿದ್ದೆ. ಅಳಿಸಿ ಒಂದೇ ಸಲ ಸೇವ್ ಮಾಡಿದ್ರೆ ಅಲ್ಲಿ ಪೂರ್ತಿ ಇರುತ್ತೆ. ಅದನ್ನ ತೆಗೆಯೋದು... ತಾಳಿ, ಬಾಯಲ್ಲಿ ಬರ್ತಿಲ್ಲ.’ ಟಕಟಕ ಸದ್ದು ಕೇಳಿಸಿತು. ಅಲ್ಲಿ ಕಚೇರಿಯ ಹೆಡ್‌ಕ್ಲರ್ಕ್ ಮೇಜಿನ ಮೇಲೆ, ಇಲ್ಲದ ಕೀಬೋರ್ಡನ್ನು ಒತ್ತಿ ಅವಳು ತನ್ನ ಬೆರಳನ್ನೇ ನೋಡುತ್ತಿದ್ದಳು. ‘ಯಜಮಾನ, ಆಮೇಲೆ ಮೇಲುಮೇಲಿನ ಬೀದಿ, ಬಲಗಡೆಯಿಂದ ಎರಡನೇ ಮನೆ. ಹೂಂ, ಅದೇ. ಈಗ ಯಾವ ಹೆಸರು ಕಾಣುತ್ತೆ?’

ಅವಳು ಹೇಳಿದ ಹಾಗೆ ಹುಚ್ಚಣ್ಣ ಬಾಗಿಲಿಂದ ಬಾಗಿಲಿಗೆ ಹೋದ. ಎತ್ತಿಟ್ಟ ಪ್ರತಿ ಸಿಕ್ಕಿತು. ತೆಗೆದ. ಬಿಳೀ ಪುಟ.

‘ಅಣ್ಣ, ಎಷ್ಟು ಸಲ ಸೇವ್ ಮಾಡಿದ್ರಿ?’

‘ಮೂರು ಕಿತ ಕಣಮ್ಮ. ಯಾವಾಗ್ಲೂ ಮೂರೇಯ.’

ಎರಡನೆಯ ಸಲಕ್ಕೇ ಆ ಪ್ರತಿಯೂ ಖಾಲಿಯಾಗಿತ್ತು. ಮೂರನೆಯದು ಬರೀ ಕೊಡತಿಯ ಏಟು. ಹುಚ್ಚಣ್ಣ ಫೋನು ಇಟ್ಟ.

‘ಹಾಸನಕ್ಕೆ ಫೋನ್ ಮಾಡ್ತೀನಿ, ಆಪರೇಟರ್‌ಗೆ,’ ಎಂದರು ಜಯದೇವಪ್ಪ, ಯಾರಿಗೂ ಅಲ್ಲದಂತೆ. ‘ಬಂದು ಎಂಬತ್ತು ಪುಟ ಕುಟ್ಟೋವಷ್ಟರಲ್ಲಿ ರಾಜ್ಯೋತ್ಸವ ಮುಗ್ದಿರುತ್ತೆ.’

‘ಟ್ರೇಸಿಂಗ್ ಹಾಳೆ ಹಾಸನಕ್ಕೆ ಹೋಗೈತಾ?’ ಎಂದು ಹುಚ್ಚಣ್ಣ ಕೇಳಿದ.

‘ಇಲ್ಲ. ನಾಲ್ಕು ಗಂಟೆ ಬಸ್ಸಿಗೆ ಕಳಿಸ್ಬೇಕು.’

‘ಎಷ್ಟು ಕಡೆ ದಿವಂಗತ ಐತೆ ಮೇಷ್ಟ್ರೇ?’

‘ಮೂವತ್ತೇಳು,’ ಎಂದರು ಅನಂತಸ್ವಾಮಿ. ರಾತ್ರಿಯೆಲ್ಲ ಅದನ್ನೇ ಎಣಿಸಿದ್ದರು.

ಹುಚ್ಚಣ್ಣ ಬಿಳೀ ಪುಟದ ಮೇಲೆ ‘ನಿವೃತ್ತ’ ಎಂದು ಒಂದೇ ಸಲ ಹೊಡೆದ. ಯಜಮಾನನ ಹೆಸರು ಹೇಳಿ ನಂಜುಂಡಯ್ಯ ಮೇಷ್ಟ್ರ ಬಾಗಿಲಿಗೆ ಒಂದು ಸಲ ಹೋದ. ಆಮೇಲೆ ಮರಿಯಣ್ಣನ ಶಾಪಿನ ಬಾಗಿಲನ್ನು ಮೂವತ್ತಾರು ಸಲ ತಟ್ಟಿದ. ಅಕ್ಷೌಹಿಣಿಯಂತೆ ನಿವೃತ್ತರು ಸಾಲುಗಟ್ಟಿ ನಿಂತರು. ಅದನ್ನು ಟ್ರೇಸಿಂಗ್ ಹಾಳೆಯ ಮೇಲೆ ತೆಗೆದ. ಹಳೆಯ ಬ್ಲೇಡು, ಸ್ಕೇಲು, ತೆಳು ಟೇಪು ಮುಂದಿಟ್ಟುಕೊಂಡು ಕಿಟಕಿಯ ಬೆಳಕಿಗೆ ಕೂತ.

ಒಂದೊಂದು ‘ದಿವಂಗತ’ದ ಸುತ್ತಲೂ ಕೊರೆದು, ಚಿಕ್ಕ ಕಿಟಕಿಯಂಥ ತೂತು ಮಾಡಿ, ಅದೇ ಅಳತೆಗೆ ಕತ್ತರಿಸಿದ ‘ನಿವೃತ್ತ’ವನ್ನು ಅಲ್ಲಿ ಕೂರಿಸಿ, ಹಿಂದಿನಿಂದ ಟೇಪು ಹಚ್ಚಿದ. ಅಕ್ಷರವನ್ನು ಸಾಲಿಗೆ ಕೂರಿಸುವುದೆಂದರೆ ಇಪ್ಪತ್ತಾರು ವರ್ಷದ ಕೈ. ಅನಂತಸ್ವಾಮಿ ಪಕ್ಕದಲ್ಲಿ ಕೂತು, ಹೆಣದ ಬಾಯಿಗೆ ನೀರು ಬಿಡುವವರಂತೆ ತುಟಿ ಅಲುಗಿಸುತ್ತ ಎಣಿಸಿದರು. ಹನ್ನೆರಡಾಯಿತು, ಇಪ್ಪತ್ತಾಯಿತು. ನಲವತ್ತೊಂದನೆಯ ಪುಟದಲ್ಲಿ ಮೇಷ್ಟ್ರು ಚೀರಿದರು.

‘ಏಯ್ ಹುಚ್ಚಣ್ಣ, ರಕ್ತ!’

ಬ್ಲೇಡು ತೋರುಬೆರಳಿನೊಳಗೆ ಇಳಿದಿತ್ತು. ಹುಚ್ಚಣ್ಣನಿಗೆ ಗೊತ್ತಾಗಿರಲಿಲ್ಲ. ಸಾಲಿನ ನಡುವೆ ಒಂದು ಕೆಂಪು ಚುಕ್ಕಿ ಬಿದ್ದಿತ್ತು. ಅವನು ಬೆರಳನ್ನು ಬಾಯಲ್ಲಿಟ್ಟು ಚೀಪಿ, ಟೇಪು ಸುತ್ತಿ, ಮುಂದಿನ ದಿವಂಗತರಿಗೆ ಹೋದ. ಮೂರೂವರೆಗೆ ಮೂವತ್ತೇಳನೆಯವರೂ ನಿವೃತ್ತರಾದರು. ನಾಲ್ಕು ಗಂಟೆಯ ಬಸ್ಸಿನಲ್ಲಿ ಹಾಳೆಗಳು ಹಾಸನಕ್ಕೆ ಹೋದವು.

ಸಂಚಿಕೆ ರಾಜ್ಯೋತ್ಸವದ ದಿನ ಬಿಡುಗಡೆಯಾಯಿತು. ಹೆಡ್‌ಮಾಸ್ಟ್ರು ರಘುರಾಮ್ ತಮ್ಮ ಪ್ರತಿಯನ್ನು ತಿರುವಿ ನೋಡಿ, ‘ನಿವೃತ್ತ ಅನ್ನೋ ಪದ ಎಲ್ಲಾ ಕಡೆ ಸ್ವಲ್ಪ ವಾಲಿದೆ, ನನ್ನ ಹಾಗೆ,’ ಎಂದರಂತೆ. ನಲವತ್ತೊಂದನೆಯ ಪುಟದಲ್ಲಿ ಒಂದು ವಾಕ್ಯ ಮುಗಿಯುವ ಮೊದಲೇ ದಪ್ಪನೆಯ ಪೂರ್ಣವಿರಾಮವೊಂದು ಬಿದ್ದಿತ್ತು. ಅದು ಯಾರದೆಂದು ಮೂವರಿಗೆ ಮಾತ್ರ ಗೊತ್ತು.

ಅದರ ಮುಂದಿನ ಸೋಮವಾರ ಹುಚ್ಚಣ್ಣ ಪ್ರೆಸ್ಸಿಗೆ ಬಂದಾಗ ಸ್ಟೂಲು ಇದ್ದಲ್ಲೇ ಇತ್ತು. ಜಯದೇವಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ‘ಕೂತ್ಕೋ. ಒಂದು ಲಗ್ನಪತ್ರಿಕೆ ಇದೆ. ಮತ್ತೆ ನೋಡು, ಪೆಟ್ಟಿಗೇಲಿ ಸೌ ಖಾಲಿಯಾಗಲ್ಲ ಕಣೋ. ಲಕ್ಷ ಮದುವೆ ಆದ್ರೂ ಆಗಲ್ಲ. ಬಿಚ್ಬೇಡ.’

‘ಆಗ್ಲಿ ಯಜಮಾನ್ರೇ.’

ಸಂಜೆಗೆ ಪತ್ರಿಕೆ ಮುಗಿಯಿತು. ಟ್ರೇಸಿಂಗ್ ತೆಗೆದ. ಬಿಚ್ಚಬಾರದೆಂದು ತಲೆಗೆ ಗೊತ್ತಿತ್ತು. ಆದರೆ ಕೈಗೆ ಯಾರೂ ಹೇಳಿರಲಿಲ್ಲ. ಅದು ತಳವಾರನನ್ನು ಕರೆಯಿತು; ಅಕ್ಷರಗಳು ಎದ್ದು ನಿಂತವು. ಊರಾಚೆಗೆ ಹೋಯಿತು, ಪುಟ ಬೆಳ್ಳಗಾಯಿತು.

‘ಏಯ್! ಏಯ್!’ ಹಿಂದಿನಿಂದ ಜಯದೇವಪ್ಪ ಕುರ್ಚಿ ಬೀಳುವಂತೆ ಎದ್ದರು.

ಹುಚ್ಚಣ್ಣ ತಿರುಗಲಿಲ್ಲ. ಬಿಳೀ ಪುಟವನ್ನು ಒಂದು ಕ್ಷಣ ನೋಡಿದ. ಎಲ್ಲರೂ ಮನೆ ಸೇರಿದ್ದರು. ಆಮೇಲೆ ಕಿರುಬೆರಳನ್ನು ಊರ ಯಜಮಾನನ ಮೇಲಿಟ್ಟು ದ್ಯಾವಮ್ಮನ ಬಾಗಿಲು ತಟ್ಟಿದ. ವಧು, ವರ, ಎರಡೂ ಕಡೆಯ ಅಜ್ಜಂದಿರು, ಮುಹೂರ್ತ, ಊಟದ ಸಮಯ ಎಲ್ಲ ಒಂದೇ ಉಸಿರಿಗೆ ಓಡಿಬಂದು ಇದ್ದಲ್ಲೇ ನಿಂತವು. ‘ಚಿ. ಸೌ.’ ಕೂಡ ಬಂದಿತ್ತು. ಹಗೇವನ್ನು ಮೂರು ಸಲ ಮುಚ್ಚಿ ಸ್ವಿಚ್ಚು ಆರಿಸಿದ.

ಅಂದಿನಿಂದ ಅವನು ಪೆಟ್ಟಿಗೆ ಆರಿಸುತ್ತಿದ್ದುದೇ ಹಾಗೆ. ಜಯದೇವಪ್ಪ ಮೊದಲ ಒಂದು ತಿಂಗಳು ಎದೆ ಹಿಡಿದುಕೊಂಡರು, ಆಮೇಲೆ ರೂಢಿಯಾಯಿತು.

ಆ ಸೋಮವಾರ ರಾತ್ರಿ ಲಕ್ಕಮ್ಮ ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟು, ವ್ರತದಂತೆ ಕೇಳಿದಳು.

‘ಸಾರು ಹೆಂಗೈತೆ?’

ಹುಚ್ಚಣ್ಣ ಒಂದು ತುತ್ತು ನುಂಗಿ, ಬೆರಳಿಗಂಟಿದ ಸಾರನ್ನು ನೆಕ್ಕಿದ.

‘ಉಪ್ಪು ಜಾಸ್ತಿ ಆಗೈತೆ ಕಣೇ.’

ಲಕ್ಕಮ್ಮ ಸೌಟು ಕೆಳಗಿಟ್ಟಳು. ‘ಆರು ತಿಂಗಳಿಂದ ಅಷ್ಟೇ ಉಪ್ಪು ಹಾಕ್ತಿದೀನಿ ಕಣ್ರೀ!’ ಎಂದು ಬೈದು, ಇನ್ನೊಂದು ಸೌಟು ಸಾರು ಬಿಟ್ಟಳು.